‘ತ್ಯಾಗಮಯಿ’ ಎಂಬ ಪದ ತೆಗೆಯಿರಿ

ಅಮ್ಮ ತೀರಿಕೊಂಡ ನಾಲ್ಕನೇ ದಿನ ತಿಪಟೂರಿನ ಒಂದು ಫ್ಲೆಕ್ಸ್ ಅಂಗಡಿಗೆ ಹೋಗಿದ್ದೆ. ಹನ್ನೊಂದನೇ ದಿನದ ಕಾರ್ಯಕ್ಕೆ ಮನೆ ಮುಂದೆ ಕಟ್ಟಲು ಶ್ರದ್ಧಾಂಜಲಿ ಬ್ಯಾನರ್ ಬೇಕಿತ್ತು. ಕಂಪ್ಯೂಟರ್ ಮುಂದೆ ಕೂತಿದ್ದ ಹುಡುಗ ಫೋಟೊ ಇಸಕೊಂಡು, "ತಾಯಿಯವರದಾ ಅಕ್ಕ?" ಅಂದ. ಹೌದು ಅನ್ನುವಷ್ಟರಲ್ಲಿ ಪರದೆಯ ಮೇಲೆ ಅಕ್ಷರಗಳು ಬಂದುಬಿಟ್ಟಿದ್ದವು: ತ್ಯಾಗಮಯಿ, ಸಹನಾಮೂರ್ತಿ, ಕರುಣಾಮಯಿ. ನಾನಿನ್ನೂ ಏನೂ ಹೇಳಿರಲಿಲ್ಲ. ತಾಯಂದಿರಿಗೆ ಅಂತಲೇ ಆ ಮೂರು ಪದಗಳನ್ನು ಜೋಡಿಸಿ ಇಟ್ಟಿದ್ದ; ಫೋಟೊ, ಹೆಸರು, ತಾರೀಖು ಬದಲಾಯಿಸಿದರೆ ಆಯಿತು. ಪಕ್ಕದಲ್ಲಿ ಹರಡಿದ್ದ ಇನ್ನೊಂದು ಬ್ಯಾನರಿನಲ್ಲಿ ನಮ್ಮ ಸೀಮೆಯವರೇ ಒಬ್ಬ ಹಿರಿಯರಿದ್ದರು. ಅವರ ಫೋಟೊದ ಕೆಳಗೆ ಪ್ರಗತಿಪರ ರೈತರು, ಸಹಕಾರ ಸಂಘದ ಮಾಜಿ ನಿರ್ದೇಶಕರು ಅಂತ ಇತ್ತು. ಗಂಡಸು ಸತ್ತರೆ ಅವನು ಮಾಡಿದ್ದನ್ನು ಬರೆಯುತ್ತಾರೆ. ಹೆಂಗಸು ಸತ್ತರೆ ಅವಳು ತಡಕೊಂಡದ್ದನ್ನು ಬರೆಯುತ್ತಾರೆ.

"ಆ ಮೂರೂ ತೆಗೆದುಬಿಡಪ್ಪ. ಕೊಬ್ಬರಿ ಬೆಳೆಗಾರರು ಅಂತ ಹಾಕು" ಅಂದೆ.

ಹುಡುಗ ತಿರುಗಿ ನೋಡಿದ. "ಹೆಂಗಸರಿಗೆ ಹಂಗೆ ಯಾರೂ ಹಾಕ್ಸಲ್ಲ ಅಕ್ಕ. ಖಾಲಿ ಖಾಲಿ ಕಾಣುತ್ತೆ."

ಆ ಹುಡುಗನ ಮೇಲೆ ನನಗೆ ಕೋಪವಿಲ್ಲ. ನಾಡೆಲ್ಲ ಆಡುವ ಮಾತನ್ನೇ ಅವನು ಅಚ್ಚು ಹಾಕುತ್ತಿದ್ದ. ಹೆಣ್ಣಿನ ಬಲ ಇರುವುದು ಸಹನೆಯಲ್ಲಿ, ತಾಯಿಯ ದೊಡ್ಡತನ ಇರುವುದು ತ್ಯಾಗದಲ್ಲಿ, ನಮ್ಮಲ್ಲಿ ತಾಯಿಗೆ ದೇವರ ಸ್ಥಾನ ಕೊಟ್ಟಿರುವಾಗ ಬೇರೆ ಹಕ್ಕಿನ ಮಾತು ಯಾಕೆ ಎಂಬುದು ಆ ಮಾತಿನ ಸಾರ. ತಾಯಂದಿರ ದಿನದ ಭಾಷಣಗಳಲ್ಲಿ, ಶಾಲಾ ವಾರ್ಷಿಕೋತ್ಸವಗಳಲ್ಲಿ, ವಾಟ್ಸ್ಆ್ಯಪ್‌ನ ಬೆಳಗಿನ ಸಂದೇಶಗಳಲ್ಲಿ ಇದನ್ನೇ ಕೇಳುತ್ತಾ ಬಂದಿದ್ದೇನೆ. ಕಷ್ಟದಲ್ಲಿ ಮಕ್ಕಳನ್ನು ಸಾಕಿದ ಯಾವ ತಾಯಿಯ ಕಥೆ ಹೇಳಿದರೂ ಕೊನೆಗೆ ಅವಳು ಎಷ್ಟು ನುಂಗಿಕೊಂಡಳು ಅನ್ನುವುದರ ಮೇಲೇ ಮಾತು ನಿಲ್ಲುತ್ತದೆ. ಇದು ಸುಳ್ಳು. ನಮ್ಮಮ್ಮ ನುಂಗಿಕೊಂಡಿದ್ದರೆ ನಾವು ಮೂವರು ಮಕ್ಕಳು ಇವತ್ತು ಆ ಊರಿನಲ್ಲಿ ನಿಲ್ಲುವ ಜಾಗವೂ ಇಲ್ಲದವರಾಗಿರುತ್ತಿದ್ದೆವು. ನಮ್ಮನ್ನು ಉಳಿಸಿದ್ದು ಅವಳು ಒಪ್ಪದೇ ಹೋದದ್ದು.

ಅಪ್ಪ ಹೋದದ್ದು 1986ರಲ್ಲಿ. ಅಮ್ಮನಿಗೆ ಆಗ ಇಪ್ಪತ್ತೊಂಬತ್ತು. ಅಕ್ಕನಿಗೆ ಹನ್ನೊಂದು, ನನಗೆ ಏಳು, ತಮ್ಮನಿಗೆ ನಾಲ್ಕು. ಅಪ್ಪ, ಚಿಕ್ಕಪ್ಪ ಇಬ್ಬರ ನಡುವೆ ಇನ್ನೂ ಪಾಲಾಗದ ಆರು ಎಕರೆ ಚಿಲ್ಲರೆ ಜಮೀನು, ಅದರಲ್ಲಿ ಅರ್ಧ ತೆಂಗಿನ ತೋಟ. ತಿಥಿ ಮುಗಿದು ತಿಂಗಳಾಗಿರಲಿಲ್ಲ, ಚಿಕ್ಕಪ್ಪ ಒಂದು ಸಂಜೆ ಛಾಪಾ ಕಾಗದ ತಂದರು. ಹಕ್ಕು ಬಿಡುಗಡೆ ಪತ್ರ. "ಸುಮ್ನೆ ಕಾಯ್ದೆಗೆ ಅತ್ತಿಗೆ. ಬ್ಯಾಂಕಿನವರು ಕೇಳ್ತಾರೆ. ನಿಮ್ಮನ್ನ ಬೀದಿಗೆ ಬಿಡ್ತೀನಾ ನಾನು?" ಅಜ್ಜಿ ಅಲ್ಲೇ ಗೋಡೆಗೆ ಒರಗಿ ಕೂತಿದ್ದರು. ಅವರ ಬಲಗೈ ಹಿಡಿದು ಹೆಬ್ಬೆಟ್ಟಿಗೆ ನೀಲಿ ಶಾಯಿ ಹಚ್ಚಿ ಒತ್ತಿಸಿದರು. ಅಜ್ಜಿ ಆಮೇಲೆ ಹೆಬ್ಬೆಟ್ಟನ್ನು ತಲೆಗೂದಲಿಗೆ ಒರೆಸಿಕೊಂಡರು. ಆ ಬಿಳಿಗೂದಲಲ್ಲಿ ನೀಲಿ ಗೆರೆ ಎರಡು ದಿನ ಇತ್ತು.

ಅಜ್ಜಿ ಒತ್ತಿದ್ದು ಏನನ್ನು ಅನ್ನುವುದು ನನಗೆ ಗೊತ್ತಾಗಲು ಇಪ್ಪತ್ತು ವರ್ಷ ಬೇಕಾಯಿತು. 1956ರ ಹಿಂದೂ ಉತ್ತರಾಧಿಕಾರ ಕಾಯ್ದೆಯಲ್ಲಿ, ಉಯಿಲು ಬರೆಯದೆ ಸತ್ತ ಗಂಡಸಿನ ಆಸ್ತಿಗೆ ಮೊದಲ ವರ್ಗದ ವಾರಸುದಾರರಲ್ಲಿ ಹೆಂಡತಿ ಇದ್ದಾಳೆ, ಮಗ ಇದ್ದಾನೆ, ಮಗಳಿದ್ದಾಳೆ. ಅವರ ಜೊತೆಗೆ ಅವನ ತಾಯಿಯೂ ಇದ್ದಾಳೆ, ಸಮಪಾಲಿಗೆ. ಸತ್ತವನ ತಂದೆ ಆ ಪಟ್ಟಿಯಲ್ಲಿಲ್ಲ, ಅವನು ಎರಡನೇ ವರ್ಗದವನು. ಮಗ ತನಗಿಂತ ಮೊದಲು ಹೋದರೆ ಮುಪ್ಪಿನ ತಾಯಿ ಯಾರ ಕೈಯನ್ನೂ ನೋಡಬಾರದು ಅಂತ ಕಾನೂನು ಇಷ್ಟು ಸ್ಪಷ್ಟವಾಗಿ ಹೇಳಿದೆ. ತಾಯಿ ದೇವರು ಅಂತ ಹಾಡುವ ಎಷ್ಟು ಮನೆಗಳಲ್ಲಿ ಈ ಒಂದು ಸಾಲು ಗೊತ್ತಿದೆ? ನಮ್ಮಜ್ಜಿಗೆ ಅದನ್ನು ಯಾರೂ ಹೇಳಲಿಲ್ಲ. ಅವರು ಕೊನೆಯವರೆಗೂ ಚಿಕ್ಕಮಗನ ಮನೆಯಲ್ಲಿ ಊಟಕ್ಕೆ ಕರೆಯಲಿ ಅಂತ ಕಾಯುತ್ತಾ ಜಗುಲಿಯಲ್ಲಿ ಕೂರುತ್ತಿದ್ದರು. ಊರಿನವರು ಅದನ್ನೂ ಸಹನೆ ಅನ್ನುತ್ತಿದ್ದರು.

ಅಮ್ಮ ಸಹಿ ಹಾಕಲಿಲ್ಲ. ಕಿರುಚಲಿಲ್ಲ, ಅಳಲಿಲ್ಲ, ಹಾಕಲ್ಲ ಅಂತಲೂ ಅನ್ನಲಿಲ್ಲ. "ಅಟ್ಟದ ಮೇಲಿರೋ ಕಾಯಿ ಒಣಗಲಿ ಕಣಪ್ಪ. ಕೊಬ್ಬರಿ ಮಾರಿ ಅವರ ಸಾಲ ತೀರಿಸ್ಬಿಡ್ತೀನಿ. ಆಮೇಲೆ ಕಾಗದ ಪತ್ರದ ಮಾತು" ಅಂದಳು. ಕೇಳಿದವರಿಗೆ ಅದು ಸೌಮ್ಯವಾದ ಮಾತು. ತೆಂಗಿನ ಸೀಮೆಯವರಿಗೆ ಅದರ ಲೆಕ್ಕ ಗೊತ್ತು. ನಮ್ಮ ಕಡೆ ಕಾಯನ್ನು ಸಿಪ್ಪೆ ಸಮೇತ ಅಟ್ಟಕ್ಕೆ ಏರಿಸಿ ಹತ್ತು ಹನ್ನೊಂದು ತಿಂಗಳು ಬಿಡುತ್ತೇವೆ. ಒಳಗಿನ ನೀರು ತಾನಾಗಿ ಇಂಗಬೇಕು, ತಿರುಳು ಚಿಪ್ಪನ್ನು ಬಿಟ್ಟು ಉಂಡೆ ಕೊಬ್ಬರಿಯಾಗಬೇಕು. ಆತುರಪಟ್ಟು ಒಡೆದರೆ ಹಸಿ, ಮಂಡಿಯಲ್ಲಿ ಮೂಸಿಯೂ ನೋಡುವುದಿಲ್ಲ. ಅಮ್ಮ ಏಣಿ ಹತ್ತಿ, ಬಗ್ಗಿಕೊಂಡೇ ನಡೆಯಬೇಕಾದ ಆ ಕತ್ತಲೆಯಲ್ಲಿ ಒಂದೊಂದೇ ಕಾಯನ್ನು ಕಿವಿಯ ಹತ್ತಿರ ಹಿಡಿದು ಅಲ್ಲಾಡಿಸುತ್ತಿದ್ದಳು. ಬುಳುಕ್ ಅಂದರೆ ನೀರು, ಗಡಗಡ ಅಂದರೆ ಕೊಬ್ಬರಿ. ನನ್ನ ಕಿವಿಗೂ ಹಿಡಿಯುತ್ತಿದ್ದಳು. "ಏನನ್ನುತ್ತೆ ನೋಡು" ಅನ್ನುತ್ತಿದ್ದಳು. ಇನ್ನೂ ನೀರಿದೆ ಅಂದರೆ ತಿರುಗಿ ಅದೇ ಜಾಗಕ್ಕೆ ಇಡುತ್ತಿದ್ದಳು.

ಹೀಗೆ ಅವಳು ಹನ್ನೊಂದು ತಿಂಗಳು ಸಂಪಾದಿಸಿದಳು. ಆ ತಿಂಗಳುಗಳಲ್ಲಿ ಅವಳು ಮಾಡಿದ್ದು ಇದು. ಸಂತೆಯ ನೆಪದಲ್ಲಿ ತಾಲ್ಲೂಕು ಕಚೇರಿಗೆ ಹೋಗಿ ಪಹಣಿಯ ನಕಲು ತೆಗೆಸಿದಳು. ನಕಲು ಬರೆಯುವವರಿಗೆ ಕೊಡಲು ಕಾಸಿಲ್ಲದಾಗ ಕರಟ, ಮಟ್ಟೆ ಮಾರಿದಳು. ನಮ್ಮೂರ ಶಾಲೆಯ ಮೇಷ್ಟ್ರೊಬ್ಬರ ಹೆಂಡತಿಯ ಮೂಲಕ ಒಬ್ಬ ವಕೀಲರ ಹತ್ತಿರ ಹೋಗಿ, ಮಕ್ಕಳು ಮೈನರ್ ಇರುವಾಗ ಅವರ ಪಾಲನ್ನು ತಾಯಿ ಬಿಟ್ಟುಕೊಟ್ಟರೂ ನಿಲ್ಲುವುದಿಲ್ಲ, ಅದಕ್ಕೆ ಕೋರ್ಟಿನ ಅನುಮತಿ ಬೇಕು ಅನ್ನುವುದನ್ನು ಕೇಳಿಕೊಂಡು ಬಂದಳು. ಕೊಬ್ಬರಿ ಒಣಗಿತು, ಮಾರಿದಳು, ಸಾಲ ತೀರಿತು. ಚಿಕ್ಕಪ್ಪ ಕಾಗದ ತಂದಾಗ ಅವಳ ಕೈಯಲ್ಲೂ ಒಂದು ಕಾಗದ ಇತ್ತು, ಪಾಲು ಕೇಳುವ ನೋಟಿಸು.

ಇದನ್ನು ಸಹನೆ ಅನ್ನಬೇಕೆ? ಇದು ಯುದ್ಧದ ತಯಾರಿ. ಲೆಕ್ಕ, ಗುಟ್ಟು, ಸಮಯ ನೋಡಿ ಹೆಜ್ಜೆ ಇಡುವ ಜಾಣತನ ಎಲ್ಲ ಇದರಲ್ಲಿವೆ. ಇದೇ ಕೆಲಸವನ್ನು ಗಂಡಸು ಮಾಡಿದ್ದರೆ ಚಾಣಾಕ್ಷ ಅನ್ನುತ್ತಿದ್ದರು. ಹೆಂಗಸು ಮಾಡಿದಾಗ ಮಾತ್ರ ಅವಳ ಬುದ್ಧಿಯೆಲ್ಲ ಸೋರಿಹೋಗಿ ತಾಳ್ಮೆಯೊಂದೇ ಉಳಿಯುತ್ತದೆ. ಹೀಗೆ ಹೇಳುವುದರಿಂದ ಒಂದು ಅನುಕೂಲವಿದೆ. ಅವಳು ಸಹಿಸಿದಳು ಅಂದರೆ ಕಷ್ಟ ಎಲ್ಲಿಂದಲೋ ಮಳೆಯ ಹಾಗೆ ಬಂದದ್ದು ಅಂತಾಗುತ್ತದೆ. ಅವಳು ಎದುರಿಸಿದಳು ಅಂದರೆ ಎದುರಿಗೆ ನಿಂತಿದ್ದವರು ಯಾರು ಅಂತ ಹೇಳಬೇಕಾಗುತ್ತದೆ.

ಕಿತ್ತೂರು ಚೆನ್ನಮ್ಮನಿಗೂ ನಾವು ಹೀಗೇ ಮಾಡಿದ್ದೇವೆ. ಕುದುರೆ, ಕತ್ತಿ ನೆನಪಿವೆ. 1824ರಲ್ಲಿ ಜಗಳ ಶುರುವಾದದ್ದು ಒಂದು ಕಾಗದದ ಮೇಲೆ, ಕಿತ್ತೂರಿನ ದತ್ತಕವನ್ನು ಕಂಪನಿ ಸರ್ಕಾರ ಒಪ್ಪದೇ ಹೋದದ್ದರ ಮೇಲೆ ಅನ್ನುವುದು ಪಠ್ಯಪುಸ್ತಕದ ಒಂದು ಸಾಲಿನಲ್ಲಿ ಮುಗಿದುಹೋಗುತ್ತದೆ. ಈ ಮಗುವಿಗೆ ಹಕ್ಕಿಲ್ಲ ಅಂತ ಬರೆದು ಕಳಿಸಿದವರಿಗೆ ಅವಳು ಒಪ್ಪುವುದಿಲ್ಲ ಅಂದಳು. ಕತ್ತಿ ಬಂದದ್ದು ಆಮೇಲೆ.

ಗೋವಿನ ಹಾಡನ್ನೇ ನೋಡಿ. ಕನ್ನಡದ ಮಕ್ಕಳು ಕಣ್ಣೀರಿಡುತ್ತಾ ಕಲಿಯುವ ತಾಯಿಯ ಕಥೆ ಅದು. ಪುಣ್ಯಕೋಟಿ ಕೊಟ್ಟ ಮಾತಿಗೆ ತಪ್ಪದೆ ಹುಲಿಯ ಬಳಿಗೆ ತಿರುಗಿ ಹೋದಳು ಅಂತ ಕೊಂಡಾಡುತ್ತೇವೆ. ನಾನು ಟೀಚರಾಗಿ ಇಪ್ಪತ್ತು ವರ್ಷ ಆ ಪಾಠ ಮಾಡಿದ್ದೇನೆ. ಮಕ್ಕಳಿಗೆ ಪ್ರತಿ ಸಲ ಒಂದು ಪ್ರಶ್ನೆ ಕೇಳುತ್ತಿದ್ದೆ: ಹುಲಿಯ ಹತ್ತಿರ ಹೋಗುವ ಮೊದಲು ಅವಳು ಮಾಡಿದ್ದೇನು? ಕರುವಿಗೆ ಹಾಲು ಕೊಟ್ಟಳು, ಹೇಗೆ ಬದುಕಬೇಕು ಅಂತ ಬುದ್ಧಿ ಹೇಳಿದಳು, ಉಳಿದ ಹಸುಗಳನ್ನು ಕೇಳಿಕೊಂಡು ಆ ತಬ್ಬಲಿಯನ್ನು ಅವರ ಕೈಗೆ ಒಪ್ಪಿಸಿದಳು. ಸಾಯುವ ದಿನವೂ ತಾಯಿ ಮಾಡಿದ್ದು ಏರ್ಪಾಡು. ಹಾಡಿನಲ್ಲಿ ಅದಕ್ಕೆ ಎಷ್ಟು ಜಾಗವಿದೆ ನೋಡಿ. ನಮ್ಮ ಭಾಷಣಗಳಲ್ಲಿ ಅದು ಬರುವುದೇ ಇಲ್ಲ, ಪ್ರಾಣ ಕೊಡಲು ಸಿದ್ಧಳಾದದ್ದಷ್ಟೇ ಬರುತ್ತದೆ. ತಾಯಿ ಸಾಯಲು ಒಪ್ಪುವುದು ನಮಗೆ ಯಾಕೆ ಇಷ್ಟು ಇಷ್ಟವಾಗುತ್ತದೆ ಅನ್ನುವುದನ್ನು ನಾವು ಕೇಳಿಕೊಳ್ಳಬೇಕು.

ದೇವರ ಸ್ಥಾನದ ಮಾತಿಗೆ ಬರುತ್ತೇನೆ. ನಮ್ಮೂರ ಅಮ್ಮನವರ ಹೆಸರಿನಲ್ಲಿ ಎರಡು ಎಕರೆ ಮಾನ್ಯದ ಜಮೀನಿದೆ. ದೇವರಿಗೆ ಕಾನೂನಿನಲ್ಲಿ ವ್ಯಕ್ತಿಯ ಸ್ಥಾನವಿದೆ. ಆಸ್ತಿ ಹೊಂದಬಹುದು, ದಾವೆ ಹೂಡಬಹುದು, ಅವಳ ಜಮೀನು ಒತ್ತುವರಿ ಮಾಡಿದವನನ್ನು ಕೋರ್ಟಿಗೆ ಎಳೆಯಬಹುದು. ನಮ್ಮಲ್ಲಿ ದೇವಿಗೆ ಪೂಜೆಯೂ ಇದೆ, ಪಹಣಿಯೂ ಇದೆ. ತಾಯಿಯನ್ನು ದೇವರು ಅನ್ನುವವರು ಆ ಮಾತನ್ನು ಮನಸಾರೆ ಆಡುತ್ತಿದ್ದರೆ ಅವಳ ಹೆಸರನ್ನೂ ಪಹಣಿಗೆ ಸೇರಿಸುತ್ತಿದ್ದರು. 2015-16ರ ಕೃಷಿ ಗಣತಿಯಲ್ಲಿ ದೇಶದ ಹಿಡುವಳಿದಾರರ ಪೈಕಿ ಹೆಂಗಸರು ನೂರಕ್ಕೆ ಸುಮಾರು 14. ಕಳೆ ಕೀಳುವಾಗ, ನಾಟಿ ಹಾಕುವಾಗ, ಕೊಬ್ಬರಿ ಹೆರೆಯುವಾಗ ಸಾಲಿನಲ್ಲಿ ಕೂತವರು ಎಷ್ಟು ಮಂದಿ ಹೆಂಗಸರು ಅಂತ ನಮ್ಮ ಸೀಮೆಯ ಯಾವ ರಸ್ತೆಯಲ್ಲಿ ಹೋದರೂ ಕಾಣುತ್ತದೆ.

ಕಾನೂನು ಇಲ್ಲ ಅಂತಲ್ಲ. ಮೈಸೂರು ಸಂಸ್ಥಾನ 1933ರಲ್ಲೇ ಹಿಂದೂ ಹೆಂಗಸರ ಆಸ್ತಿ ಹಕ್ಕಿಗೆ ಒಂದು ಕಾಯ್ದೆ ಮಾಡಿತ್ತು, ಬ್ರಿಟಿಷ್ ಇಂಡಿಯಾಕ್ಕಿಂತ ಮೊದಲು. ಹೆಣ್ಣುಮಕ್ಕಳಿಗೂ ಪಿತ್ರಾರ್ಜಿತದಲ್ಲಿ ಹುಟ್ಟಿನಿಂದಲೇ ಪಾಲು ಅಂತ ಕರ್ನಾಟಕದಲ್ಲಿ 1994ರಿಂದ ಇದೆ, ದೇಶಕ್ಕೆಲ್ಲ 2005ರಿಂದ. ತಂದೆ ಆಗ ಬದುಕಿರಲಿ ಬಿಡಲಿ ಆ ಹಕ್ಕು ಹಕ್ಕೇ ಅಂತ ಸುಪ್ರೀಂ ಕೋರ್ಟ್ 2020ರಲ್ಲಿ ಮುಗಿಸಿ ಹೇಳಿತು. ಆದರೆ ಅದೇ 1956ರ ಕಾಯ್ದೆಯ ಹದಿನೈದನೇ ಕಲಮು ಇವತ್ತಿಗೂ ಹಾಗೇ ಇದೆ. ಮದುವೆಯಾದ ಹೆಂಗಸು ಮಕ್ಕಳಿಲ್ಲದೆ, ಗಂಡನೂ ಇಲ್ಲದೆ, ಉಯಿಲು ಬರೆಯದೆ ತೀರಿಕೊಂಡರೆ ಅವಳ ಸ್ವಂತ ದುಡಿಮೆಯ ಹಣವೂ ಮೊದಲು ಹೋಗುವುದು ಅವಳ ಗಂಡನ ವಾರಸುದಾರರಿಗೆ. ಅವಳನ್ನು ಹೆತ್ತ ತಾಯಿಯ ಸರದಿ ಅದರ ನಂತರ.

2009ರಲ್ಲಿ ಸುಪ್ರೀಂ ಕೋರ್ಟಿನಲ್ಲಿ ತೀರ್ಮಾನವಾದ ಒಂದು ಪ್ರಕರಣವನ್ನು ನಾನು ಮರೆಯಲಾರೆ. ಉತ್ತರ ಭಾರತದ ಒಂದು ಹುಡುಗಿ ಮದುವೆಯಾದ ಮೂರೇ ತಿಂಗಳಿಗೆ ಹಾವು ಕಚ್ಚಿ ಗಂಡ ಸತ್ತ. ಗಂಡನ ಮನೆಯವರು ಅವಳನ್ನು ಹೊರಗೆ ಹಾಕಿದರು. ತವರಿನವರು ಕರೆದುಕೊಂಡು ಬಂದು ಓದಿಸಿದರು, ಕೆಲಸ ಸಿಕ್ಕಿತು, ದುಡಿದು ಉಳಿಸಿದಳು. ಅವಳು ತೀರಿಕೊಂಡಾಗ ಆ ಹಣಕ್ಕೆ ಅರ್ಜಿ ಹಾಕಿದವಳು ಅವಳ ತಾಯಿ. ಎದುರಿಗೆ ಬಂದವರು ಆ ಗಂಡನ ಅಕ್ಕತಂಗಿಯ ಮಕ್ಕಳು. ಕೊನೆಗೆ ಹಣ ಹೋದದ್ದು ಅವರಿಗೆ. ಕಷ್ಟವನ್ನು ಕೋರ್ಟು ಕಾಣದೇ ಇರಲಿಲ್ಲ, ಅನುಕಂಪದ ಮೇಲೆ ತೀರ್ಪು ಕೊಡಲಾಗದು ಎಂಬ ನಿಲುವು ಅದರದ್ದು. ಆ ತಾಯಿ ಹೊರಗೆ ಬಿದ್ದ ಮಗಳನ್ನು ಎತ್ತಿಕೊಂಡು ಓದಿಸಿದವಳು. ತಾಯಿಯ ಋಣ ತೀರಿಸಲಾಗದು ಅಂತ ಎದೆ ಮುಟ್ಟಿಕೊಂಡು ಹೇಳುವ ಸಮಾಜದಲ್ಲಿ ಅವಳ ಹೆಸರು ಬರುವುದು ಅಳಿಯನ ಕಡೆಯವರೆಲ್ಲರ ಹಿಂದೆ.

ಮನೆಕೆಲಸಕ್ಕೂ ಹೀಗೇ. ಕೇಂದ್ರ ಸರ್ಕಾರದ 2019ರ ಸಮಯ ಬಳಕೆ ಸಮೀಕ್ಷೆಯಲ್ಲಿ ಸಂಬಳವಿಲ್ಲದ ಮನೆಕೆಲಸ ಮಾಡುವ ಹೆಂಗಸರು ದಿನಕ್ಕೆ ಸರಾಸರಿ 299 ನಿಮಿಷ ಅದಕ್ಕೆ ಕೊಡುತ್ತಿದ್ದರು. ಆ ಕೆಲಸ ಮಾಡುವ ಗಂಡಸರು 97 ನಿಮಿಷ. ಈ ದುಡಿಮೆಗೆ ನಮ್ಮಲ್ಲಿ ರೂಪಾಯಿ ಲೆಕ್ಕದಲ್ಲಿ ಬೆಲೆ ಕಟ್ಟುವುದು ಹೆಚ್ಚಾಗಿ ಒಂದು ಸಂದರ್ಭದಲ್ಲಿ, ಅವಳು ಅಪಘಾತದಲ್ಲಿ ಸತ್ತು ಪರಿಹಾರದ ದಾವೆ ಬಂದಾಗ. 2001ರ ಒಂದು ತೀರ್ಪಿನಲ್ಲಿ ಗೃಹಿಣಿಯ ಕೆಲಸಕ್ಕೆ ತಿಂಗಳಿಗೆ 3,000 ರೂಪಾಯಿ ಅಂದಾಜು ಹಾಕಿದರು. ಜನಗಣತಿ ಗೃಹಿಣಿಯರನ್ನು ಭಿಕ್ಷುಕರು, ಕೈದಿಗಳ ಜೊತೆ ದುಡಿಯದವರ ಸಾಲಿಗೆ ಸೇರಿಸಿದ್ದನ್ನು 2010ರಲ್ಲಿ ಸುಪ್ರೀಂ ಕೋರ್ಟೇ ಖಂಡಿಸಿತು. ಬದುಕಿರುವಾಗ ಇಲ್ಲದ ಬೆಲೆ ಹೆಣವಾದ ಮೇಲೆ ಬರುತ್ತದೆ.

ಇಲ್ಲೊಂದು ಮಾತನ್ನು ಬಿಡಿಸಿ ಹೇಳಬೇಕು. 2023ರ ಆಗಸ್ಟಿನಿಂದ ಕರ್ನಾಟಕದಲ್ಲಿ ಮನೆಯ ಯಜಮಾನಿಗೆ ತಿಂಗಳಿಗೆ 2,000 ರೂಪಾಯಿ ಗೃಹಲಕ್ಷ್ಮಿ ಹಣ ಕೊಡಲು ಶುರು ಮಾಡಿದರು. ರಾಜಕೀಯದ ಲೆಕ್ಕ ಏನೇ ಇರಲಿ, ಹಣ ತಡವಾಗಿ ಬರುವುದರ ಬಗ್ಗೆ ದೂರುಗಳೂ ಇರಲಿ. ನನಗೆ ನೋವಾದದ್ದು ಆಮೇಲೆ ಕೇಳಿದ ಮಾತುಗಳಿಂದ. ಬಿಟ್ಟಿ ಭಾಗ್ಯ, ಹೆಂಗಸರು ಸೋಮಾರಿಗಳಾದರು, ದುಡ್ಡು ಸೀರೆಗೆ ಹೋಗುತ್ತೆ ಅಂದವರು ಯಾರು? ತಾಯಿಯ ಒಂದು ತೊಟ್ಟು ಹಾಲಿನ ಋಣವನ್ನು ಏಳು ಜನ್ಮಕ್ಕೂ ತೀರಿಸಲಾಗದು ಅಂತ ವೇದಿಕೆಯಲ್ಲಿ ಗದ್ಗದರಾಗುತ್ತಿದ್ದವರೇ. ಋಣ ತೀರಿಸಲಾರದಷ್ಟು ದೊಡ್ಡದು ಅಂತ ಹೇಳುವುದು ತೀರಿಸದೇ ಇರುವುದಕ್ಕೆ ಒಳ್ಳೆಯ ದಾರಿ. ಯಾವಾಗ ಅದಕ್ಕೆ ಒಂದು ಮೊತ್ತ ಬಂತೋ, ಎರಡೇ ಸಾವಿರವಾದರೂ, ಆಗ ಮುಖ ಕೆಟ್ಟಿತು.

ನಮ್ಮಮ್ಮನನ್ನು ಊರಿನವರು ಹೊಗಳುತ್ತಿದ್ದ ಇನ್ನೊಂದು ಬಗೆ ಇತ್ತು. "ಗಂಡೆದೆಯ ಹೆಣ್ಣು. ಗಂಡಸಿನ ಹಂಗೆ ಮನೆ ನಡೆಸಿದಳು." ಅವಳು ಮಂಡಿಗೆ ಹೋದಾಗಲೆಲ್ಲ ದಲ್ಲಾಳಿ, "ಮನೇಲಿ ಗಂಡಸರು ಯಾರೂ ಇಲ್ವೇನಮ್ಮ?" ಅಂತ ಕೇಳುತ್ತಿದ್ದರು. ಹದಿನೈದು ವರ್ಷ ಅದೇ ಮಂಡಿ, ಅದೇ ಪ್ರಶ್ನೆ. ಅವಳು ಚೀಲದ ಪಕ್ಕ ಕಂಬದ ಹಾಗೆ ನಿಂತು ತೂಕದ ಮುಳ್ಳನ್ನೇ ನೋಡುತ್ತಿದ್ದಳು. ಉತ್ತರ ಕೊಡಲು ತಲೆ ಎತ್ತಿದರೆ ಆ ಹೊತ್ತಿಗೆ ಒಂದು ಕೆಜಿ ಹೋಗಿರುತ್ತಿತ್ತು. ಅವಳ ಧೈರ್ಯ ಯಾವ ಗಂಡಸಿನಿಂದಲೂ ಸಾಲ ತಂದದ್ದಲ್ಲ. ಹೆಂಗಸು ಬುದ್ಧಿ ಉಪಯೋಗಿಸಿದರೆ ಅದನ್ನು ಗಂಡಸಿನ ಖಾತೆಗೆ ಜಮಾ ಮಾಡುವ ಈ ಹೊಗಳಿಕೆಯನ್ನು ನಾನು ಒಪ್ಪುವುದಿಲ್ಲ.

ಈಗ ನನಗೆ ಹೇಳಲು ಕಷ್ಟವಾಗುವ ಭಾಗ. ಸಹಿ ಹಾಕದ ಆ ತಾಯಿಯೇ ಅಕ್ಕನನ್ನು ಏಳನೇ ಕ್ಲಾಸಿಗೆ ಶಾಲೆ ಬಿಡಿಸಿದಳು. ಅಮ್ಮ ತೋಟದಲ್ಲಿರುವಾಗ ತಮ್ಮನನ್ನು ಯಾರು ನೋಡಬೇಕು, ಮುದ್ದೆ ಯಾರು ತಿರುವಬೇಕು, ಹಸು ಯಾರು ಹಿಡಿದು ಕಟ್ಟಬೇಕು? ನಾನು ಟೀಚರಾದೆ, ತಮ್ಮ ಡಿಪ್ಲೊಮಾ ಮಾಡಿದ. ಅಕ್ಕ ಆಗ ಬಿಟ್ಟ ಪುಸ್ತಕವನ್ನು ಮತ್ತೆ ಮುಟ್ಟಲಿಲ್ಲ. ತಾಯಿಯ ತ್ಯಾಗದ ಕಥೆ ಹೇಳುವವರು ಹಿರಿಮಗಳ ಕಡೆ ನೋಡುವುದೇ ಇಲ್ಲ. ಗಂಡಸರ ವ್ಯವಸ್ಥೆ ತಾಯಿಯ ಮೇಲೆ ಹೊರಿಸಿದ ಭಾರದಲ್ಲಿ ಅರ್ಧ ಇಳಿಯುವುದು ಅವಳ ಹೆಗಲಿಗೆ. ಅಮ್ಮನನ್ನು ಸಹನೆಯ ದೇವತೆ ಮಾಡಿಬಿಟ್ಟರೆ ಅವಳು ಮಾಡಿದ ಈ ತಪ್ಪನ್ನು ನಾವು ಮಾತಾಡುವಂತೆಯೇ ಇಲ್ಲ. ದೇವತೆಯನ್ನು ಪ್ರಶ್ನಿಸಲಾಗದು. ಮನುಷ್ಯಳಾದ ತಾಯಿಯನ್ನು ಪ್ರಶ್ನಿಸಬಹುದು, ಅವಳಿಗೆ ಬೇರೆ ದಾರಿ ಇಲ್ಲದಂತೆ ಮಾಡಿದವರು ಯಾರು ಅಂತಲೂ ಕೇಳಬಹುದು. ಕೊನೆಯ ದಿನಗಳಲ್ಲಿ ಅಮ್ಮ ಅಕ್ಕನ ಕೈ ಹಿಡಿದುಕೊಂಡು ಒಂದೇ ಮಾತು ಅನ್ನುತ್ತಿದ್ದಳು: "ನಿನ್ನ ಬಿಡಿಸಬಾರದಿತ್ತು." ನನಗಾಗಲಿ ತಮ್ಮನಿಗಾಗಲಿ ಅವಳು ಹೇಳಿದ ಕೊನೆಯ ಮಾತು ನೆನಪಿಲ್ಲ.

ಅಕ್ಕನ ಮದುವೆ 1996ರಲ್ಲಿ. ಛತ್ರದ ಬಾಡಿಗೆ, ಅಡುಗೆಯವರು, ಒಡವೆ, ಎಲ್ಲ ಕೊಬ್ಬರಿಯ ದುಡ್ಡು. ಧಾರೆಯ ಹೊತ್ತಿಗೆ ಅಮ್ಮ ಕಂಬದ ಹಿಂದೆ ನಿಂತಿದ್ದಳು. ಧಾರೆ ಎರೆಯುವುದಕ್ಕೆ ಜೋಡಿ ಬೇಕು, ಮುತ್ತೈದೆ ಬೇಕು ಅಂತ ಹಿರಿಯರು ಮೊದಲೇ ತೀರ್ಮಾನಿಸಿದ್ದರು. ಮಂಟಪದಲ್ಲಿ ಕೂತವರು ಚಿಕ್ಕಪ್ಪ, ಚಿಕ್ಕಮ್ಮ. ಹತ್ತು ವರ್ಷದ ಹಿಂದೆ ಛಾಪಾ ಕಾಗದ ಹಿಡಿದುಕೊಂಡು ಬಂದಿದ್ದ ಕೈಯಿಂದಲೇ ಅಕ್ಕನ ಕೈ ಮೇಲೆ ನೀರು ಬಿತ್ತು. ಊಟದ ಮುಂಚೆ ಯಾರೋ ಮೈಕ್ ಕೊಟ್ಟರು. ಚಿಕ್ಕಪ್ಪ ಕಣ್ಣೊರೆಸಿಕೊಂಡು, "ನಮ್ಮತ್ತಿಗೆ ಭೂಮಿತೂಕದ ಹೆಣ್ಣು" ಅಂದರು. ಜನ ಚಪ್ಪಾಳೆ ತಟ್ಟಿದರು. ಅಮ್ಮ ಆಗ ಅಡುಗೆಮನೆಯಲ್ಲಿ ಬಾಳೆಲೆ ಎಣಿಸುತ್ತಿದ್ದಳು. ಅವಳಿಗೆ ಆ ಹೊಗಳಿಕೆ ಬೇಕಿರಲಿಲ್ಲ, ಒಂದು ಚೊಂಬು ನೀರು ಬೇಕಿತ್ತು, ಮಗಳ ಕೈ ಮೇಲೆ ಹಾಕುವುದಕ್ಕೆ. ಈಚೆಗೆ ಕೆಲವು ಮದುವೆಗಳಲ್ಲಿ ಗಂಡ ಸತ್ತ ತಾಯಂದಿರೇ ಧಾರೆ ಎರೆಯುವುದನ್ನು ನೋಡಿದ್ದೇನೆ. ಆಕಾಶವೇನೂ ಕಳಚಿ ಬೀಳಲಿಲ್ಲ.

ಹಕ್ಕು ಕೇಳಿದರೆ ಮನೆ ಒಡೆಯುತ್ತದೆ, ತವರಿನ ಬಾಗಿಲು ಮುಚ್ಚುತ್ತದೆ ಅನ್ನುವವರಿದ್ದಾರೆ. ಒಳ್ಳೆಯ ಮನಸ್ಸಿನಿಂದಲೇ ಹೇಳುವವರೂ ಇದ್ದಾರೆ, ಅವರಲ್ಲಿ ಹೆಂಗಸರೇ ಹೆಚ್ಚು. ಅವರಿಗೆ ನನ್ನ ಉತ್ತರ ಇಷ್ಟೇ. ಅಣ್ಣತಮ್ಮಂದಿರು ಪಾಲುಪಟ್ಟಿ ಮಾಡಿಕೊಂಡಾಗ ಅದನ್ನು ಮನೆ ಒಡೆಯಿತು ಅನ್ನುವುದಿಲ್ಲ, ಅವರವರದು ಅವರವರಿಗೆ ಬಂತು ಅನ್ನುತ್ತಾರೆ. ಒಂದು ಸಹಿ ಕೇಳಿದ್ದಕ್ಕೆ ಮುಚ್ಚಿಹೋಗುವ ಬಾಗಿಲು ಯಾವತ್ತು ತೆರೆದಿತ್ತು? ಅರಿಸಿನ ಕುಂಕುಮಕ್ಕೆ ಅಂತ ವರ್ಷಕ್ಕೊಮ್ಮೆ ಕೊಡುವ ಸೀರೆ ಪಾಲಿನ ಬಡ್ಡಿಗೂ ಸಮವಲ್ಲ. ನಮ್ಮಮ್ಮ ಪಾಲು ಕೇಳಿದಾಗ ಚಿಕ್ಕಪ್ಪ ಎರಡು ವರ್ಷ ಮಾತು ಬಿಟ್ಟರು. ಪಾಲಾಯಿತು. ಮೂರನೇ ವರ್ಷ ಯುಗಾದಿಗೆ ಅವರೇ ಬೇವು ಬೆಲ್ಲ ಹಿಡಿದುಕೊಂಡು ಬಂದರು. ಮುರಿದುಹೋಗುತ್ತದೆ ಅಂದಿದ್ದ ಸಂಬಂಧ ಸರಿಯಾಗಿ ನಿಂತದ್ದು ಲೆಕ್ಕ ಸರಿಯಾದ ಮೇಲೆ.

ಪಹಣಿಯಲ್ಲಿ ಅಮ್ಮನ ಹೆಸರು ಬಂದಾಗ ಅವಳು ಅದನ್ನು ನನ್ನಿಂದ ಓದಿಸಿದಳು. ಅವಳ ಹೆಸರು, ಮುಂದೆ 'ಕೋಂ', ಮುಂದೆ ಅಪ್ಪನ ಹೆಸರು. ಇಂಥವರ ಹೆಂಡತಿ ಅಂತ ಅದರರ್ಥ. ಅಪ್ಪ ಹೋಗಿ ಆರು ವರ್ಷವಾಗಿತ್ತು, ಮಣ್ಣನ್ನು ಉಳಿಸಿದ್ದು ಅವಳು, ಆದರೂ ಆ ಅಕ್ಷರ ಬೇಕಿತ್ತು. ಅಮ್ಮನಿಗೆ ಅದರ ಬಗ್ಗೆ ಬೇಸರವಿರಲಿಲ್ಲ. ಬೆರಳಿನಿಂದ ತನ್ನ ಹೆಸರನ್ನಷ್ಟೇ ಮುಟ್ಟಿ ನೋಡಿ, ಕಾಗದವನ್ನು ಮಡಿಸಿ ಟ್ರಂಕಿನಲ್ಲಿ ಮದುವೆ ಸೀರೆಯ ಕೆಳಗೆ ಇಟ್ಟಳು.

ಬ್ಯಾನರಿಗೆ ಕೊನೆಗೂ ನಾನು ಹೇಳಿದ್ದನ್ನೇ ಹಾಕಿಸಿದೆ. ಕೊಬ್ಬರಿ ಬೆಳೆಗಾರರು. ಬಂದ ನೆಂಟರಲ್ಲಿ ಕೆಲವರು ಓದಿ ಸುಮ್ಮನಾದರು. ಒಬ್ಬ ಅಜ್ಜಿ ಮಾತ್ರ ಮೊಮ್ಮಗನಿಂದ ಎರಡು ಸಲ ಓದಿಸಿಕೊಂಡು, "ಹೌದಲ್ವಾ" ಅಂದರು.

ಕಾರ್ಯ ಮುಗಿದ ಮಾರನೇ ದಿನ ತಮ್ಮ ಪಡಸಾಲೆಗೆ ಒಂದು ಕಡತ ತಂದ. ಪೌತಿ ಖಾತೆಯ ಅರ್ಜಿ, ವಂಶವೃಕ್ಷ, ಅದರ ಕೆಳಗೆ ನಾವಿಬ್ಬರು ಹೆಣ್ಣುಮಕ್ಕಳು ಸಹಿ ಹಾಕಬೇಕಾದ ಹಕ್ಕು ಬಿಡುಗಡೆ ಪತ್ರ. ತಮ್ಮ ಕೆಟ್ಟವನಲ್ಲ. "ಸುಮ್ನೆ ಒಂದ್ ಪ್ರೊಸೀಜರ್ ಅಕ್ಕ" ಅಂದ. ಅವನ ಕಣ್ಣು ಇನ್ನೂ ಕೆಂಪಗಿತ್ತು. ಅಕ್ಕ ಕಾಗದವನ್ನು ನನ್ನ ಕಡೆ ಸರಿಸಿ, "ಓದಿ ಹೇಳು" ಅಂದಳು. ಓದಿದೆ. "ಇನ್ನೊಂದು ಸಲ" ಅಂದಳು. ಮತ್ತೆ ಓದಿದೆ. ಅವಳು ಪೆನ್ನಿನ ಕ್ಯಾಪ್ ಹಾಕಿ, ಕಾಗದದ ಮೇಲೆ ಅಡ್ಡ ಇಟ್ಟು, ತಮ್ಮನ ಮುಖ ನೋಡಿ ಕೇಳಿದಳು:

"ಅಟ್ಟದ ಮೇಲೆ ಎಷ್ಟು ಕಾಯಿದೆ?"